ಹಸಿರು ಕಲ್ಲು ಬಿಟ್ಟು ಬೂದು ಕಲ್ಲು ಹಿಡಿದಾಗ

ಗುಡ್ಡದ ಮಗ್ಗುಲಲ್ಲಿ ಒಂದು ಹಳೆಯ ಗುಂಡಿ, ಅದರ ಸುತ್ತ ಹಸಿರು ಬಳಿದಂಥ ಕಲ್ಲುಗಳು. ನಾನು ನಕ್ಷೆ ಮಾಡಬೇಕಿದ್ದ ಜಾಗ ಇಷ್ಟೇ. ತಾಮ್ರದ ಜೊತೆ ಬೆಳ್ಳಿಯೂ ಇದೆಯಾ ಅಂತ ನೋಡಬೇಕಿತ್ತು.

ಹಸಿರು ಭಾಗದ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟೆ. ಬುಸ್ಸೆಂದು ನೊರೆ ಬಂತು. ಸುಣ್ಣದ ಖನಿಜವಾದ ಕ್ಯಾಲ್ಸೈಟ್ ಅಂಟಿದ್ದರೂ ನೊರೆ ಬರುತ್ತದೆ, ಹಾಗಾಗಿ ಶುದ್ಧವಾದ ಚೂರನ್ನೇ ಆರಿಸಿದ್ದೆ. ಇದು ಮ್ಯಾಲಕೈಟ್, ಅಂದರೆ ತಾಮ್ರದ ಹಸಿರು ಖನಿಜ ಅನ್ನೋದು ಖಚಿತವಾಯಿತು. ಆ ಹನಿಯಲ್ಲಿ ಉಕ್ಕಿನ ಚಾಕುವಿನ ತುದಿ ಇಟ್ಟು ಸ್ವಲ್ಪ ಹೊತ್ತು ಕಾದೆ. ತುದಿಗೆ ತಾಮ್ರದ ಕೆಂಪು ಪೊರೆ ಕೂತಿತು. ಎಷ್ಟು ಸಲ ನೋಡಿದರೂ ನನಗೆ ಇದು ಖುಷಿ ಕೊಡುತ್ತದೆ.

ತಪ್ಪು ಮಾಡಿದ್ದು ಆಮೇಲೆ. ಚೆನ್ನಾಗಿ ಹಸಿರಾಗಿದ್ದ ಕಲ್ಲುಗಳನ್ನೇ ಆರಿಸಿ ಲ್ಯಾಬ್‌ಗೆ ಕಳಿಸಿದೆ. ತಾಮ್ರ ಜಾಸ್ತಿ ಬಂತು, ಬೆಳ್ಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳ್ಳಿ ಇಲ್ಲ ಅಂತ ಬರೆದೇ ಬಿಡುತ್ತಿದ್ದೆ.

ಮ್ಯಾಲಕೈಟ್ ಅಂದರೆ ತಾಮ್ರದ ಕಿಲುಬಿನ ಹಾಗೆ. ಗಾಳಿ, ನೀರು ತಾಗಿ ಅದಿರು ಕೊಳೆತಾಗ ತಾಮ್ರ ನೀರಿನಲ್ಲಿ ಕರಗಿ ಹರಿಯುತ್ತದೆ. ಹರಿದು ಹೋಗಿ ಬೇರೆ ಬಂಡೆಯ ಬಿರುಕಿನಲ್ಲೂ ಕೂರುತ್ತದೆ. ಶುದ್ಧ ಮ್ಯಾಲಕೈಟ್‌ನಲ್ಲಿ ಶೇಕಡಾ 57ರಷ್ಟು ತಾಮ್ರವೇ ಇರುತ್ತದೆ, ಹಾಗಾಗಿ ತೆಳು ಲೇಪವೂ ಲೆಕ್ಕವನ್ನು ಮೇಲೆತ್ತುತ್ತದೆ. ನಾನು ಆರಿಸಿದ್ದು ನೀರು ಹರಿದ ದಾರಿಯನ್ನ. ಅದಿರು ಇದ್ದದ್ದು ಬೇರೆ ಕಡೆ.

ಮತ್ತೆ ಹೋದೆ. ಈ ಸಲ ಹಸಿರನ್ನು ಬಿಟ್ಟು ಬೆಣಚುಕಲ್ಲಿನ ಎಳೆಯನ್ನು ಹಿಡಿದು ನಡೆದೆ. ಅದು ಬಂಡೆ ಜರುಗಿದ ಸೀಳಿನಲ್ಲೇ ಕೂತಿತ್ತು. ಒಂದು ಕಡೆ ಗೇಣಗಲ, ಇನ್ನೊಂದು ಕಡೆ ಬೆರಳಗಲ. ಅಕ್ಕಪಕ್ಕದ ಬಂಡೆ ಬಿಳಿಚಿ ಮೆತ್ತಗಾಗಿತ್ತು, ಬಿಸಿ ದ್ರವ ಹಾದುಹೋದ ಗುರುತು ಅದು. ಎಳೆಯ ನಡುವೆ ತಾಮ್ರದ ಅದಿರಾದ ಹಳದಿ ಚಾಲ್ಕೊಪೈರೈಟ್. ಅಂಚಿನಲ್ಲಿ ಮಂಕಾದ ಬೂದು ಖನಿಜ. ಮೊದಲ ಸಲ ಇದನ್ನು ಸೀಸದ ಅದಿರಾದ ಗೆಲೀನಾ ಅಂದುಕೊಂಡು ಬಿಟ್ಟಿದ್ದೆ. ಗೆಲೀನಾ ಒಡೆದರೆ ನುಣುಪು ಮುಖದ ಘನಾಕಾರದ ಚೂರುಗಳಾಗುತ್ತದೆ, ಇದು ಹೇಗೆ ಬೇಕೋ ಹಾಗೆ ಒಡೆಯಿತು. ಟೆಟ್ರಾಹೆಡ್ರೈಟ್ ಇರಬೇಕು ಅನ್ನಿಸಿತು. ತಾಮ್ರ, ಆಂಟಿಮನಿ, ಗಂಧಕ ಸೇರಿದ ಈ ಖನಿಜದಲ್ಲಿ ತಾಮ್ರದ ಜಾಗದಲ್ಲೇ ಬೆಳ್ಳಿ ಕೂತಿರಬಹುದು. ಲೆನ್ಸ್ ಹಿಡಿದರೂ ಕಾಣಿಸುವುದಿಲ್ಲ.

ಎಳೆಗೆ ಅಡ್ಡಲಾಗಿ, ಈ ಬದಿಯ ಬಂಡೆಯಿಂದ ಆ ಬದಿಯ ಬಂಡೆಯವರೆಗೆ, ಒಂದೇ ಅಗಲ ಒಂದೇ ಆಳದ ಕಾಲುವೆ ಕೊರೆದೆ. ನಡುಭಾಗ, ಅಂಚು, ಪಕ್ಕದ ಬಂಡೆ ಎಲ್ಲಕ್ಕೂ ಬೇರೆ ಬೇರೆ ಚೀಲ. ಸುತ್ತಿಗೆ, ಉಳಿ ಹಿಡಿದು ಇಡೀ ದಿನ ಹೋಯಿತು, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಫಲಿತಾಂಶ ಬಂದಾಗ ಆಂಟಿಮನಿ ಏರಿದ ಚೀಲಗಳಲ್ಲೇ ಬೆಳ್ಳಿಯೂ ಏರಿತ್ತು. ಹಳದಿ ಖನಿಜ ಮಾತ್ರ ಇದ್ದ ಚೀಲಗಳಲ್ಲಿ ಬೆಳ್ಳಿ ತೀರಾ ಕಡಿಮೆ.

ದಪ್ಪ ಅಳೆಯುವಾಗಲೂ ಎಚ್ಚರ ಬೇಕು. ಎಳೆ ಸಮತಟ್ಟು ನೆಲದಿಂದ 30 ಡಿಗ್ರಿ ಕೆಳಕ್ಕೆ ಓರೆಯಾಗಿದ್ದರೆ, ಆ ನೆಲದ ಮೇಲೆ ಎಳೆಗೆ ಅಡ್ಡಲಾಗಿ ಹಿಡಿದ ಟೇಪ್ 1 ಮೀಟರ್ ತೋರಿಸಿದರೂ ನಿಜವಾದ ದಪ್ಪ ಅರ್ಧ ಮೀಟರ್ ಅಷ್ಟೇ. ಸುಮ್ನೆ ಟೇಪ್ ನಂಬಿದರೆ ಅದಿರಿನ ಲೆಕ್ಕ ಎರಡು ಪಟ್ಟಾಗುತ್ತದೆ, ಅಲ್ವಾ?

ಕೊನೆಯ ನಕ್ಷೆಯಲ್ಲಿ ಹಸಿರು ಜಾಗಕ್ಕೆ ಬರೀ ಚುಕ್ಕೆಗೆರೆ ಹಾಕಿದೆ. ಎಳೆಗೆ ಗಟ್ಟಿಗೆರೆ. ಕೊರೆದು ನೋಡಲು ಎರಡೇ ಜಾಗ ಗುರುತಿಸಿದೆ. ಎರಡೂ ಕಡೆ ಎಳೆ ದಪ್ಪಗಿತ್ತು, ಅಂಚಿನಲ್ಲಿ ಆ ಬೂದು ಖನಿಜ ಇತ್ತು.