ನೈಟ್ ಸಿಟಿಯ ಗುಟ್ಟುಗಳನ್ನ ಎಕ್ಸೆಲ್‌ನಲ್ಲಿ ಹುಡುಕಿದ್ದು

"ಗುರು, ಇದು ಆಟ ಆಡೋದಲ್ಲ, ಆಡಿಟ್ ಮಾಡೋದು" ಅಂತ ನಮ್ಮ ಗ್ಯಾಂಗ್‌ನಲ್ಲಿ ನಕ್ಕವರೇ ಜಾಸ್ತಿ. ನೈಟ್ ಸಿಟಿ ಅನ್ನೋ ಊರಲ್ಲಿ ನಡೆಯೋ ವಿಡಿಯೋ ಗೇಮ್ ಸೈಬರ್‌ಪಂಕ್ 2077ರಲ್ಲಿ ಬಚ್ಚಿಟ್ಟಿರೋ ಪುಸ್ತಕ, ಸಿನಿಮಾ, ಹಾಡಿನ ಸುಳಿವುಗಳನ್ನ ಹುಡುಕೋಕೆ ನಾನು ಬೀದಿ ಸುತ್ತೋದು ಬಿಟ್ಟು ಆಟದ ಪಠ್ಯದ ಫೈಲುಗಳನ್ನೇ ಬಿಚ್ಚಿ ಕೂತಾಗ ಬಂದ ಮಾತು ಅದು. ಈಗ ಅದೇ ಹುಡುಗರು ಶೀಟ್ ಕಳಿಸು ಅಂತ ಮೆಸೇಜ್ ಹಾಕ್ತಾರೆ. ಹಂಗಾಗಿ ಬರೀತಿದೀನಿ. ಎಲ್ಲವನ್ನೂ ಅಲ್ಲ, ಮುಕ್ಕಾಲು ಪಾಲು.

ಮೊದಲು ಖರ್ಚಿನ ವಿಷಯ. 2020ರ ಡಿಸೆಂಬರ್‌ನಲ್ಲಿ ಆಟ ಬಂದಾಗ ಪೂರ್ತಿ ಬೆಲೆ ಕೊಡೋಕೆ ಆಗಲಿಲ್ಲ, ಆಮೇಲೆ ಸೇಲ್‌ನಲ್ಲಿ ಅರ್ಧಕ್ಕೆ ತಗೊಂಡೆ, ಸಾವಿರದ ಐನೂರರ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಮಾಲು, ಒಂಬತ್ತು ಸಾವಿರ ಚಿಲ್ಲರೆ. ಕ್ರಿಪ್ಟೋ ಮೈನಿಂಗಿನಲ್ಲಿ ಹಗಲೂ ರಾತ್ರಿ ದುಡಿದು ಬಂದ ಕಾರ್ಡು ಅಂತ ಕಾಣುತ್ತೆ, ಮಳೆಗಾಲ ಮುಗಿಯೋದರೊಳಗೆ ಸತ್ತಿತು. ವಾರಂಟಿ ಬಾಯಿ ಮಾತಿನದು, ಅದೂ ಅಂಗಡಿ ಮೆಟ್ಟಿಲು ಇಳಿಯೋವರೆಗೆ. ಆಟದೊಳಗೆ ಗೋಡೆ ಗೋಡೆ ನೋಡ್ತಾ, ಸ್ಕ್ರೀನ್‌ಶಾಟ್ ಹೊಡೀತಾ ತಿರುಗಿದ್ದೆಲ್ಲ ಆ ಕಾರ್ಡಿನ ಕಾಲದಲ್ಲಿ. ಸಿಕ್ಕಿದ್ದು ಲೋಕಕ್ಕೆಲ್ಲ ಗೊತ್ತಿರೋವೇ. ಹೊಸ ಕಾರ್ಡಿಗೆ ದುಡ್ಡು ಕೂಡಿಸೋ ತನಕ ಬರೀ ಆನ್‌ಬೋರ್ಡ್ ಗ್ರಾಫಿಕ್ಸ್. ಆಟ ಓಡಲ್ಲ, ಆದರೆ ಫೈಲು ತೆರೆಯುತ್ತೆ. ದಾರಿ ಹುಟ್ಟಿದ್ದು ಅಲ್ಲೇ.

ಆಟದ ಫೈಲು ಬಿಚ್ಚೋ ಸಾಫ್ಟ್‌ವೇರ್ ವುಲ್ವನ್‌ಕಿಟ್ ಬಳಸೋಕೆ ಬರೋರಿಗೆ ಇದರಲ್ಲಿ ಹೇಳೋಕೆ ಏನೂ ಇಲ್ಲ: ಇಂಗ್ಲಿಷ್ ಪಠ್ಯದ ಆರ್ಕೈವ್ ಬಿಚ್ಚಿ, ಜೇಸನ್ (JSON) ಅನ್ನೋ ಓದಬಹುದಾದ ಪಠ್ಯದ ಫೈಲು ಮಾಡಿ, ಶೀಟಿಗೆ ಸುರಿಯೋದು. ಕಷ್ಟ ಇರೋದು ಏನು ಹುಡುಕಬೇಕು ಅನ್ನೋದರಲ್ಲಿ. ಲೇಖಕರ ಹೆಸರು ಹಾಕಿ ಹುಡುಕಿದರೆ ಕೈಗೆ ಹತ್ತಲ್ಲ, ಬರೆದವರು ಅಷ್ಟು ದಡ್ಡರಲ್ಲ. ನಾನು ಮಾಡಿದ್ದು ಮಿಷನ್ ಹೆಸರುಗಳನ್ನ ಬೇರೆ ಕಾಲಮ್ಮಿಗೆ ತೆಗೆದು, ಯಾವ ಪಾತ್ರದ ಕಥೆಗೆ ಯಾವ ಹೆಸರು ಅಂತ ಜೋಡಿಸಿದ್ದು. ಹೆಸರುಗಳಲ್ಲಿ ಬಹಳಷ್ಟು ಹಳೇ ಹಾಡುಗಳು ಅಂತ ಎಲ್ಲರಿಗೂ ಗೊತ್ತು. ಆದರೆ ಪಾತ್ರವಾರು ಸಾಲು ಹಾಕಿದಾಗ ಬೇರೆಯದೇ ಚಿತ್ರ ಬರುತ್ತೆ.

ತಕೆಮುರಾ ಕಥೆ ತಗೊಳ್ಳಿ. 'ಡೌನ್ ಆನ್ ದ ಸ್ಟ್ರೀಟ್', 'ಗಿಮ್ಮಿ ಡೇಂಜರ್', 'ಪ್ಲೇ ಇಟ್ ಸೇಫ್', 'ಸರ್ಚ್ ಆ್ಯಂಡ್ ಡೆಸ್ಟ್ರಾಯ್'. ನಾಲ್ಕಕ್ಕೂ ಅಮೆರಿಕದ ರಾಕ್ ಗಾಯಕ ಇಗ್ಗಿ ಪಾಪ್ ಒಬ್ಬನೇ ದನಿ: ಮೂರು ಅವನ ಬ್ಯಾಂಡ್ ಸ್ಟೂಜಸ್‌ದು, 'ಪ್ಲೇ ಇಟ್ ಸೇಫ್' ಅವನೊಬ್ಬನದು, 1980ರದು. ಸೂಟು ಬೂಟಿನ ಶಿಸ್ತುಗಾರ ಮುದುಕನಿಗೆ ಅಂಗಿ ಕಿತ್ತೆಸೆದು ವೇದಿಕೆ ಮೇಲೆ ಬಿದ್ದು ಹೊರಳಾಡೋನ ಹಾಡು! ಇದನ್ನ ಕಾಕತಾಳೀಯ ಅನ್ನೋರ ಜೊತೆ ನಾನು ವಾದ ಮಾಡಲ್ಲ. ಪನಾಮ್ ಕಥೆಯಲ್ಲಿ ಡೋರ್ಸ್ ಅನ್ನೋ ರಾಕ್ ಬ್ಯಾಂಡ್‌ನವರು ಎರಡು ಸಲ ಬರ್ತಾರೆ. 'ರೈಡರ್ಸ್ ಆನ್ ದ ಸ್ಟಾರ್ಮ್' ಮಿಷನ್ನಿನಲ್ಲಿ ನಿಜಕ್ಕೂ ಮರಳುಗಾಳಿ ಎದ್ದು ಪಾಳು ಮನೆಯೊಂದರಲ್ಲಿ ರಾತ್ರಿ ಕಳೀಬೇಕು. ಜೂಡಿಯ 'ಪಿರಮಿಡ್ ಸಾಂಗ್' ರೇಡಿಯೋಹೆಡ್‌ನವರದು, 2001ರದು. ಆ ಹಾಡು ಶುರುವಾಗೋದೇ ನದಿಗೆ ಹಾರೋದರಿಂದ. ಮಿಷನ್ನಿನಲ್ಲಿ ಅವಳ ಜೊತೆ ಮುಳುಗಿ ನೋಡೋದು ಅಣೆಕಟ್ಟಿನ ನೀರಿನಡಿ ಹೋದ ಅವಳ ಊರನ್ನ. ಹೆಸರು ಕಥೆಯೊಳಗೆ ಕೆಲಸ ಮಾಡಿದರೆ ಮಾತ್ರ ನನ್ನ ಶೀಟಿನಲ್ಲಿ ಹಸಿರು ಬಣ್ಣ. ಬರೀ ಹೆಸರಿಗಷ್ಟೇ ಇಟ್ಟಿದ್ದರೆ ಬೂದು. ಬೂದು ಬಹಳ ಇದೆ.

ಪುಸ್ತಕಗಳ ಪೈಕಿ, ಆಟದಲ್ಲಿ ನಮ್ಮ ಗೆಳೆಯ ಜಾಕಿಯ ಗ್ಯಾರೇಜ್ ನೋಡದೆ ಮುಂದೆ ಹೋಗಬೇಡಿ. 'ಹೀರೋಸ್' ಮಿಷನ್, ಅದೇ ಗಾಯಕ ಡೇವಿಡ್ ಬೋವಿಯ 1977ರ ಹಾಡಿನ ಹೆಸರು. ಸತ್ತ ಗೆಳೆಯನ ನೆನಪಿಗೆ ಇಡೋಕೆ ಅವನ ಸಾಮಾನಿನಲ್ಲಿ ಒಂದನ್ನ ಆರಿಸಬೇಕು: ಬೆಲ್ಟು, ಚೆಂಡು, ಟಕೀಲಾ ಬಾಟಲಿ, ಜೊತೆಗೆ ಹೆಮಿಂಗ್ವೇಯ 'ಫಾರ್ ಹೂಮ್ ದ ಬೆಲ್ ಟೋಲ್ಸ್'. ಬಹುತೇಕರು ಬಾಟಲಿ ಎತ್ಕೊಂಡು ಹೋಗ್ತಾರೆ. ಗೆಲ್ಲೋ ಕೆಲಸ ಅಲ್ಲ ಅಂತ ಗೊತ್ತಿದ್ದೂ ಸೇತುವೆ ಉಡಾಯಿಸೋಕೆ ಹೋಗೋನ ಕಥೆ ಆ ಪುಸ್ತಕ. ಕೊಂಪೆಕಿ ಪ್ಲಾಜಾ ಅನ್ನೋ ಹೋಟೆಲಿಗೆ ಕಳ್ಳತನಕ್ಕೆ ನುಗ್ಗಿದ ಜಾಕಿ ಹಾಸಿಗೆ ಪಕ್ಕ ಇಟ್ಕೊಳ್ಳೋಕೆ ಅದಕ್ಕಿಂತ ಸರಿಯಾದ ಪುಸ್ತಕ ಯಾವುದು ಹೇಳಿ. ಇನ್ನು ಆ ಹೆಸರು ಹೆಮಿಂಗ್ವೇಯ ಸ್ವಂತದ್ದೂ ಅಲ್ಲ, ಇಂಗ್ಲಿಷ್ ಕವಿ ಜಾನ್ ಡನ್ 1624ರಲ್ಲಿ ಪ್ರಕಟಿಸಿದ ಪುಸ್ತಕದ ಸಾಲು. ಒಂದು ಗ್ಯಾರೇಜಿನಲ್ಲಿ ಎರಡು ಮಹಡಿ ಕೆಳಗೆ ಇಳಿದಂಗೆ. ಇದನ್ನ ಹಿಡಿಯೋಕೆ 'ಬೆಲ್' ಅನ್ನೋ ಪದ ಹಾಕಿ ಹುಡುಕಿದಾಗ ಬಂದ ಕಸವನ್ನ ಸೋಸೋಕೆ ಎರಡು ಸಂಜೆ ಹೋಯಿತು. ಈಗ ಕಸ ಬರದಂಗೆ ಹುಡುಕೋ ಪದಗಳ ಪಟ್ಟಿ ನನ್ನ ಹತ್ರ ಇದೆ. ಅದನ್ನ ಮಾತ್ರ ಕೇಳಬೇಡಿ.

ಪಠ್ಯಕ್ಕೆ ಸಿಗದವೂ ಇವೆ. ವಿಸ್ಟಾ ಡೆಲ್ ರೇ ಕಡೆಯ ಹೋಟೆಲಿನ ತಾರಸಿ ಮೇಲೆ ಪಾರಿವಾಳ ಹಿಡಿದು ಬರಿಮೈಯಲ್ಲಿ ಕೂತಲ್ಲೇ ಸತ್ತವನಿದಾನೆ, 1982ರ 'ಬ್ಲೇಡ್ ರನ್ನರ್' ನೋಡಿದೋರು ಒಂದೇ ನೋಟಕ್ಕೆ ಗುರುತಿಸ್ತಾರೆ. ಡೆಲಮೇನ್ ಟ್ಯಾಕ್ಸಿಗಳ ಪೈಕಿ ಕೋಸ್ಟ್‌ವ್ಯೂದಲ್ಲಿ ಸಿಗೋದು 'ಪೋರ್ಟಲ್' ಆಟದ ಖಳ ಕಂಪ್ಯೂಟರ್ ಗ್ಲಾಡೋಸ್ ದನಿಯಲ್ಲಿ ಮಾತಾಡುತ್ತೆ, ಎರಡಕ್ಕೂ ನಟಿ ಎಲೆನ್ ಮೆಕ್ಲೇನ್ ಅವರದೇ ದನಿ. ಫೈಲಿನಲ್ಲಿ ಓದಿದರೆ ಕೋಪಿಷ್ಠ ಕಾರು, ಅಷ್ಟೇ. ಗುಟ್ಟು ಗೊತ್ತಾಗೋದು ಹೆಡ್‌ಫೋನ್ ಹಾಕಿದರೆ ಮಾತ್ರ. ಜಪಾನಿನ ಗೇಮ್ ಡಿಸೈನರ್ ಹಿಡಿಯೊ ಕೊಜಿಮಾನಂತೂ 'ಹಿಡೆಯೋಶಿ ಓಶಿಮಾ' ಅನ್ನೋ ಹೆಸರಲ್ಲಿ ಕೊಂಪೆಕಿ ಪ್ಲಾಜಾದಲ್ಲಿ ಕೂತಿರ್ತಾನೆ. ಆ ಕಳ್ಳತನದ ಮಿಷನ್ 'ದ ಹೈಸ್ಟ್' ಮುಗಿದರೆ ಆ ಬಾಗಿಲು ಮುಚ್ಚಿತು, ಅದಕ್ಕೇ ಆ ಮಿಷನ್ ಶುರುವಿಗೆ ಒಂದು ಬೇರೆ ಸೇವ್ ಇಟ್ಕೊಳ್ಳಿ. ಪನಾಮ್ ಜೊತೆ ನರಕ್ಕೆ ನರ ಬೆಸೆದು ಓಡಿಸೋ ಬ್ಯಾಸಿಲಿಸ್ಕ್ ಟ್ಯಾಂಕ್, ನನ್ನ ಲೆಕ್ಕದಲ್ಲಿ, ವಾಲ್ಟರ್ ಜಾನ್ ವಿಲಿಯಮ್ಸ್‌ನ 1986ರ 'ಹಾರ್ಡ್‌ವೈರ್ಡ್' ಕಾದಂಬರಿಗೆ ಸಲ್ಲಿಸಿದ ನಮಸ್ಕಾರ. ಇದಕ್ಕೆ ಮೂಲವಾದ, ಕಾಗದ ಪೆನ್ನು ಹಿಡಿದು ಆಡೋ 'ಸೈಬರ್‌ಪಂಕ್' ಆಟ ಕಟ್ಟಿದ ಮೈಕ್ ಪಾಂಡ್‌ಸ್ಮಿತ್‌ಗೆ ಬಹಳ ಹಿಡಿಸಿದ ಪುಸ್ತಕ ಅದು. ಎಲ್ಲರೂ 'ನ್ಯೂರೋಮ್ಯಾನ್ಸರ್' ಬರೆದ ಗಿಬ್ಸನ್ ಗಿಬ್ಸನ್ ಅಂತಾರೆ, ಇತ್ತ ಯಾರೂ ನೋಡಲ್ಲ.

ವಿಡಿಯೋ ಮಾಡೋರಿಗೆ ಒಂದು ಮಾತು: ಕಾಪಿರೈಟ್ ಹಾಡುಗಳನ್ನ ಬಂದ್ ಮಾಡೋ ಸೆಟ್ಟಿಂಗ್ ಇದೆ. ಅದನ್ನ ಹಾಕಿದರೆ ರೇಡಿಯೋದ ಅರ್ಧ ಸುಳಿವು ಹೋಗುತ್ತೆ, ತೆಗೆದರೆ ವಿಡಿಯೋದ ಆದಾಯ ಹೋಗುತ್ತೆ. ನಾನು ಹುಡುಕೋವಾಗ ತೆಗೆದು, ರೆಕಾರ್ಡ್ ಮಾಡೋವಾಗ ಹಾಕ್ತೀನಿ. ಆದರೂ ಎರಡು ವಿಡಿಯೋಕ್ಕೆ ನೋಟಿಸ್ ಬಂದು ಮೂರು ತಿಂಗಳ ಕಾಸು ಹೋಯಿತು. ಒಟ್ಟು ಲೆಕ್ಕ ಹಾಕಿದರೆ ಇವತ್ತಿಗೂ ಹತ್ತು ಸಾವಿರದಷ್ಟು ಲಾಸ್.

ಮಧ್ಯೆ, 'ಎಫ್‌ಎಫ್:06:ಬಿ5' ಅನ್ನೋ ಅರ್ಥವಾಗದ ಅಕ್ಷರಗಳಿರೋ ಆಟದೊಳಗಿನ ಪ್ರತಿಮೆ ಹಿಂದೆಯೂ ಬಿದ್ದಿದ್ದೆ. ಬಣ್ಣದ ಕೋಡ್ ಅಂತ ಹಾಕಿದರೆ ಗಾಢ ಗುಲಾಬಿ ಬರುತ್ತೆ. ಆ ಬಣ್ಣದ ಬೋರ್ಡುಗಳನ್ನೆಲ್ಲ ಮ್ಯಾಪಿನಲ್ಲಿ ಗುರುತು ಮಾಡಿ ಗೆರೆ ಎಳೆದು ನೋಡಿದೆ, ರಂಗೋಲಿ ಆಯಿತೇ ಹೊರತು ಉತ್ತರ ಸಿಗಲಿಲ್ಲ. 2023ರ 2.0 ಅಪ್‌ಡೇಟ್ ಬಂದ ಮೇಲೆ ಪಾಳು ಚರ್ಚಿನಲ್ಲಿ 'ಅರಸಾಕಾ ಟವರ್ 3ಡಿ' ಅನ್ನೋ ಆರ್ಕೇಡ್ ಆಟ ಸಿಕ್ಕಿತು. ತೊಂಬತ್ತರ ದಶಕದ 'ವುಲ್ಫನ್‌ಸ್ಟೈನ್ 3ಡಿ' ಥರದ್ದು. ಕಥೆಯೊಳಗೆ ಅರಸಾಕಾ ಕಂಪನಿಯ ಆ ಗೋಪುರ ಸ್ಫೋಟವಾಗೋದೂ 2023ರಲ್ಲೇ, ಅದನ್ನ ಬೇಕಂತಲೇ ಮಾಡಿದಾರೆ ಅಂತ ನನ್ನ ಪಂತ.

ಇನ್ನು ಮೂಗಿಗೆ ಗ್ರೆನೇಡ್ ಹಾಕ್ಕೊಂಡಿರೋ ಓಜಾಬ್ ಅನ್ನೋ ಜೋಕರ್. ಶೀಟಿನಲ್ಲಿ ಅವನನ್ನ ತಿಂಗಳುಗಟ್ಟಲೆ ಬೂದು ಬಣ್ಣದಲ್ಲೇ ಇಟ್ಟಿದ್ದೆ, ಅವನು ಬ್ರೆಜಿಲ್‌ನ ಪಾಡ್‌ಕಾಸ್ಟ್ ಒಂದರ ಪಾತ್ರ ಅಂತ ಪೋರ್ಚುಗೀಸ್ ಬಲ್ಲ ಸಹೋದ್ಯೋಗಿ ಹೇಳೋ ತನಕ. ಆಟ ಮಾಡಿದೋರು ವಾರ್ಸಾದವರು, ಅಂದಮೇಲೆ ಪೋಲಿಷ್ ಸುಳಿವುಗಳು ಎಷ್ಟಿರಬೇಡ. ಆ ಕಾಲಮ್ ಪೂರ್ತಿ ಖಾಲಿ ಇದೆ. ಪೋಲಿಷ್ ಓದೋಕೆ ಬರೋರು ಯಾರಾದ್ರೂ ಇದ್ದರೆ ಕಾಫಿ ನನ್ನದು, ಪದಗಳ ಪಟ್ಟಿ ಬೇಕಾದರೂ ತೋರಿಸ್ತೀನಿ.