ಮರಳ ದಿಬ್ಬದ ಮೇಲೆ ತಿದ್ದಿದ ಕೈಪಿಡಿ

ಹೆಗಲಿಗೆ ಹೊತ್ತು ಓಡಿ ಹಾರುವ ಹ್ಯಾಂಗ್ ಗ್ಲೈಡರ್ ಕಲಿಯುವ ಹೊಸಬರಿಗಾಗಿ ನಮ್ಮ ಗುಂಪು ಬರೆಯುತ್ತಿರುವ ಕೈಪಿಡಿಯ ಮೊದಲ ಕರಡಿನ 11ನೇ ಪುಟದಲ್ಲಿ ಒಂದು ವಾಕ್ಯ ಇತ್ತು: "ಓಡುವಾಗ ಗ್ಲೈಡರ್‌ನ ಮೂಗು ಕೆಳಗೆ ಬೀಳದಂತೆ ನೋಡಿಕೊಳ್ಳಿ." ಬರೆದವನು ನಾನು. ಮಾತೇನೋ ಸರಿಯೇ. ಮೂಗು ಕೆಳಗಾದರೆ ರೆಕ್ಕೆ ಮುಗ್ಗರಿಸುತ್ತದೆ, ಹೊತ್ತು ಓಡುತ್ತಿರುವವರೂ ಅದರ ಜೊತೆಗೆ ಮರಳಿಗೆ ಬೀಳುತ್ತಾರೆ. ಆದರೆ ಆ ಪುಟವನ್ನು ಶ್ರದ್ಧೆಯಿಂದ ಓದಿಕೊಂಡು ಬಂದಿದ್ದ ಒಬ್ಬ ನರ್ಸ್ ಮೂಗನ್ನು ಎತ್ತಿ ಹಿಡಿದೇ ಓಡಿದರು. ನಾಲ್ಕನೇ ಹೆಜ್ಜೆಗೆ ಗ್ಲೈಡರ್ ಚಂಗನೆ ಮೇಲೆದ್ದಿತು, ಒಂದು ಕ್ಷಣ ಗಾಳಿಯಲ್ಲೇ ನಿಂತಿತು, ಆಮೇಲೆ ಧೊಪ್ಪನೆ ಕೂತಿತು. ಪಕ್ಕದಲ್ಲೇ ಓಡುತ್ತಿದ್ದ ಹಿರಿಯ ಪೈಲಟ್ ಕೂಗಿದ್ದು ಅವರ ಕಿವಿಗೆ ಬೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಳಾಗಿದ್ದರಿಂದ ಮಣಿಕಟ್ಟು ಉಳುಕಿದ್ದಷ್ಟೇ. ಕೈಗೆ ಐಸ್ ಇಟ್ಟುಕೊಂಡು ಅವರು ನನಗೆ ಹೇಳಿದರು: "ಮೂಗು ಕೆಳಗೆ ಬೀಳಬಾರದು ಅಂತ ಬರೆದಿದ್ದೀರಿ. ಎಷ್ಟು ಮೇಲಿರಬೇಕು ಅಂತ ಎಲ್ಲಿ ಬರೆದಿದ್ದೀರಿ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೈಪಿಡಿ ಬರೆಯುವುದೇ ನನ್ನ ಕಸುಬು. ದೊಡ್ಡಬಳ್ಳಾಪುರದಲ್ಲಿ ಬೆಳೆದು, ಈಗ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿಯಲ್ಲಿ ಸಾಫ್ಟ್‌ವೇರ್ ಬಳಸುವುದು ಹೇಗೆಂದು ಬರೆದು ಸಂಬಳ ಪಡೆಯುವವನು ನಾನು. ತೆರೆಯ ಮೇಲಿನ ಯಾವ ಗುಂಡಿ ಒತ್ತಬೇಕು ಎಂದು ತಪ್ಪು ಬರೆದರೆ ಯಾರಿಗೂ ಮಣಿಕಟ್ಟು ಉಳುಕುವುದಿಲ್ಲ. ಇಲ್ಲಿ ಹಾಗಲ್ಲ.

ರಾಲಿಯಿಂದ ಪೂರ್ವಕ್ಕೆ ಮೂರು, ಮೂರೂವರೆ ಗಂಟೆ ಕಾರು ಓಡಿಸಿದರೆ ಅಟ್ಲಾಂಟಿಕ್ ದಂಡೆಯ ನ್ಯಾಗ್ಸ್ ಹೆಡ್ ಸಿಗುತ್ತದೆ. ಅಲ್ಲಿ ಜಾಕೀಸ್ ರಿಜ್ ಎಂಬ ದೊಡ್ಡ ಮರಳ ದಿಬ್ಬಗಳಿವೆ, 1975ರಿಂದ ಅದು ರಾಜ್ಯ ಉದ್ಯಾನ. ಗಾಳಿ ಮರಳನ್ನು ಸರಿಸುತ್ತಲೇ ಇರುವುದರಿಂದ ದಿಬ್ಬದ ಎತ್ತರ ಒಂದೇ ಸಮ ಇರುವುದಿಲ್ಲ. ಸುಮಾರು 80ರಿಂದ 100 ಅಡಿ ಅನ್ನಬಹುದು. ಅಲ್ಲಿಂದ ಕೆಲವೇ ಮೈಲಿ ಉತ್ತರಕ್ಕೆ ಕಿಲ್ ಡೆವಿಲ್ ಹಿಲ್ಸ್. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಎಂಜಿನ್ ವಿಮಾನ ಹಾರಿಸಿದ ಜಾಗವೆಂದು ಎಲ್ಲರೂ ನೋಡಲು ಹೋಗುತ್ತಾರೆ. ನನಗೆ ಅದಕ್ಕಿಂತ ಹಿಂದಿನ ವರ್ಷ ಹೆಚ್ಚು ಹತ್ತಿರ. 1902ರ ಶರತ್ಕಾಲದಲ್ಲಿ ಅವರ ಬಳಿ ಎಂಜಿನ್ ಇರಲಿಲ್ಲ, ಇದ್ದದ್ದು ಬರೀ ಗ್ಲೈಡರ್. ಕೆಲವೇ ವಾರಗಳಲ್ಲಿ 700ರಿಂದ 1000 ಸಲ ಅಲ್ಲಿನ ದಿಬ್ಬಗಳಿಂದ ಹಾರಿ, ಇಳಿದು, ಕಂಡದ್ದನ್ನು ಬರೆದಿಟ್ಟುಕೊಂಡರು. ಹಾರಾಟದ ಪಾಠ ಹುಟ್ಟುವುದು ಹಾಗೆ, ಹಾರಿದ ದಿನವೇ ಬರೆದಿಟ್ಟ ಸಾಲುಗಳಿಂದ ಎಂದು ನಾನು ನಂಬಿದ್ದೇನೆ.

ಹ್ಯಾಂಗ್ ಗ್ಲೈಡರ್ ನೋಡದವರಿಗೆ ಎರಡು ಮಾತು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದ ತ್ರಿಕೋನಾಕಾರದ ರೆಕ್ಕೆ ಅದು. ಕಲಿಯುವವರ ಗ್ಲೈಡರ್ 20ರಿಂದ 25 ಕಿಲೋ ತೂಗುತ್ತದೆ. ಪೈಲಟ್ ಹಾರ್ನೆಸ್ ಎಂಬ ಪಟ್ಟಿಗಳ ಕವಚ ತೊಟ್ಟು, ರೆಕ್ಕೆಯ ನಡುಕೊಳವೆಯಿಂದ ಇಳಿಬಿದ್ದ ಪಟ್ಟಿಗೆ ಕೊಂಡಿ ಹಾಕಿಕೊಂಡು ತೂಗುತ್ತಾನೆ. ಮುಂದೆ ಕೈಗೆ ಸಿಗುವ ತ್ರಿಕೋನದ ಬಾರ್ ಹಿಡಿದು ತನ್ನ ಮೈಭಾರವನ್ನೇ ಅತ್ತಿತ್ತ ಸರಿಸಿ ನಡೆಸುತ್ತಾನೆ. ಈ ರೆಕ್ಕೆಯ ಮೂಲ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಹೆಂಡತಿ ಗರ್ಟ್ರೂಡ್ 1948ರಲ್ಲಿ ಅಡುಗೆಮನೆಯ ಪರದೆ ಬಟ್ಟೆಯಿಂದ ಮಾಡಿದ ಗಾಳಿಪಟ. ಇದು ತಿಳಿದ ದಿನ ನನಗೆ ಆಷಾಢದ ನಮ್ಮೂರು ಕಣ್ಣಮುಂದೆ ಬಂತು. ಗಾಳಿಪಟಕ್ಕೆ ಸೂತ್ರ ಕಟ್ಟುವಾಗ ಅಣ್ಣ ಬೆರಳಳತೆ ಹಿಡಿದು ಗಂಟು ಸರಿಸುತ್ತಿದ್ದ. ಗಂಟು ಒಂದಿಷ್ಟು ಮೇಲಾದರೆ ಒಂದು ತರಹ, ಕೆಳಗಾದರೆ ಇನ್ನೊಂದು ತರಹ. ಗ್ಲೈಡರ್‌ನಲ್ಲೂ ಹಾಗೆಯೇ, ಪೈಲಟ್ ತೂಗುವ ಬಿಂದುವನ್ನು ನಡುಕೊಳವೆಯ ಮೇಲೆ ಹಿಂದೆಮುಂದೆ ಸರಿಸಿದರೆ ಅದು ತಾನಾಗಿ ಹಾರುವ ವೇಗವೇ ಬದಲಾಗುತ್ತದೆ.

ಕಲಿಯಲು ಒಳ್ಳೆಯ ಪುಸ್ತಕಗಳು ಇದ್ದೇ ಇವೆ. ಆದರೆ ಅವುಗಳನ್ನು ಬರೆದವರು ದಶಕಗಟ್ಟಲೆ ಹಾರಿದವರು. ಮೊದಲ ದಿನ ತಮಗೆ ಏನು ಅರ್ಥವಾಗಿರಲಿಲ್ಲ ಎಂಬುದು ಅವರಿಗೆ ಮರೆತೇ ಹೋಗಿರುತ್ತದೆ. ವಾರಾಂತ್ಯಕ್ಕೆ ದಿಬ್ಬಕ್ಕೆ ಬರುವ ನಾವು ಒಂಬತ್ತು ಜನ, ಮೂವರು ಹಳಬರು ಆರು ಹೊಸಬರು, ಒಂದು ಕಟ್ಟಳೆ ಮಾಡಿಕೊಂಡೆವು. ಪ್ರತಿ ಪುಟದ ಮೊದಲ ಕರಡನ್ನು ಹೊಸಬರೇ ಬರೆಯಬೇಕು, ಹಳಬರು ತಿದ್ದಬೇಕು, ಇನ್ನೂ ಗ್ಲೈಡರ್ ಮುಟ್ಟದವರೊಬ್ಬರು ಅದನ್ನು ಓದಿ ಮಾಡಿ ತೋರಿಸಬೇಕು. ಈ ಕಟ್ಟಳೆ ಹುಟ್ಟಿದ್ದು 11ನೇ ಪುಟದ ಪೆಟ್ಟಿನ ನಂತರ. ಅಲ್ಲಿಯವರೆಗೆ ಬರೆಯಲು ಬರುತ್ತದೆಂದು ನಾನೊಬ್ಬನೇ ಬರೆಯುತ್ತಿದ್ದೆ.

ಶುರು ಮಾಡಿದ್ದು ಧ್ವನಿ ಮುದ್ರಣದಿಂದ. ಹಾರಿ ಇಳಿದವರು ಬೆವರು ಆರುವ ಮೊದಲೇ ಫೋನಿಗೆ ಒಂದು ನಿಮಿಷ ಮಾತಾಡಬೇಕು: ಏನು ಮಾಡಲು ಹೋದಿರಿ, ಕೈಗೆ ಏನು ತಿಳಿಯಿತು, ಯಾವ ಕೂಗು ಕೇಳಿಸಿತು. ಸಂಜೆಯ ಹೊತ್ತಿಗೆ ಎಲ್ಲರೂ ಅದನ್ನೇ ಬುದ್ಧಿವಂತಿಕೆಯಿಂದ ಹೇಳತೊಡಗುತ್ತಾರೆ. ಆ ಒಂದು ನಿಮಿಷದಲ್ಲಿ ಮಾತ್ರ ನಿಜ ಸಿಗುತ್ತದೆ. ಎರಡು ತಿಂಗಳ ಮುದ್ರಣಗಳನ್ನು ಕೂತು ಕೇಳಿದಾಗ ಹೊಳೆದದ್ದು ನಮ್ಮ ಹಳಬರ ಭಾಷೆಯ ತೊಡಕು. ಬಾರನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡು ವೇಗ ಹೆಚ್ಚಿಸುವುದು ಒಂದೇ ಕೆಲಸ. ಅದಕ್ಕೆ ಒಬ್ಬರು "ಎಳಿ" ಅನ್ನುತ್ತಿದ್ದರು, ಇನ್ನೊಬ್ಬರು "ವೇಗ", ಮತ್ತೊಬ್ಬರು "ಮೂಗು ಕೆಳಗೆ", ಕೆಲವೊಮ್ಮೆ ಒಬ್ಬರೇ ಮೂರನ್ನೂ ಕೂಗುತ್ತಿದ್ದರು. ಕಿವಿಯ ಪಕ್ಕ ಗಾಳಿ ಭೋರೆನ್ನುವಾಗ ಹೊಸಬರಿಗೆ ಅವು ಮೂರು ಬೇರೆ ಬೇರೆ ಅಪ್ಪಣೆಗಳು. ಒಂದು ಕೆಲಸಕ್ಕೆ ಒಂದೇ ಮಾತು ಎಂದು ಪಟ್ಟಿ ಮಾಡಿದೆವು. ಹಿರಿಯರೊಬ್ಬರು ಮೊದಲು ಒಪ್ಪಲಿಲ್ಲ, ಮೂವತ್ತು ವರ್ಷದ ನಾಲಿಗೆಯ ರೂಢಿ ಅದು. ಅವರದೇ ಕೂಗಿನ ಮುದ್ರಣ ಕೇಳಿಸಿದ ಮೇಲೆ ಸುಮ್ಮನೆ ತಲೆಯಾಡಿಸಿ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು.

ಇನ್ನೊಬ್ಬ ಹೊಸಬರು ಸಣ್ಣ ವಿಮಾನ ಓಡಿಸುವವರು. ವಿಮಾನದಲ್ಲಿ ಹಿಡಿಯನ್ನು ಮುಂದೆ ತಳ್ಳಿದರೆ ಮೂಗು ಇಳಿಯುತ್ತದೆ. ಇಲ್ಲಿ ಬಾರನ್ನು ಮುಂದೆ ತಳ್ಳಿದರೆ ಮೈಭಾರ ಹಿಂದೆ ಸರಿದು ಮೂಗು ಏಳುತ್ತದೆ. ಗಾಬರಿಯಾದಾಗ ಅವರ ಕೈ ಹಳೆಯ ರೂಢಿಗೇ ಹೋಗುತ್ತಿತ್ತು. ಅವರಿಗಾಗಿ ಬೇರೆ ಪುಟವನ್ನೇ ಮಾಡಿದೆವು, ಬರೆದವರೂ ಅವರೇ.

ಗಾಳಿಯ ಅಳತೆಯ ಪುಟದಲ್ಲೂ ಒಂದು ಅಪಾಯ ಅಡಗಿತ್ತು. ಯುರೋಪಿನಿಂದ ಬಂದ ಸ್ನೇಹಿತರೊಬ್ಬರು ಕಿಲೋಮೀಟರ್‌ನಲ್ಲಿ ಯೋಚಿಸಿ "15ರವರೆಗೆ ಹಾಯಾಗಿ ಹಾರಬಹುದು" ಎಂದು ಬರೆದಿದ್ದರು, ಮಾನ ಬರೆಯಲಿಲ್ಲ. ಇಲ್ಲಿಯವರು ಅದನ್ನು ಮೈಲಿ ಎಂದೇ ಓದುತ್ತಾರೆ. ಗಂಟೆಗೆ 15 ಮೈಲಿ ಎಂದರೆ 24 ಕಿಲೋಮೀಟರ್. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ಮೈಲಿ ಗಾಳಿ 15 ಆದರೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಬಲ. ಈಗ ಪ್ರತಿ ಅಂಕಿಯ ಪಕ್ಕದಲ್ಲೂ ಮಾನ ಇದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಒಂದೇ ಒಂದು ಪುಟ. ಕೊಂಡಿಯ ಪುಟ.

ಈ ಕ್ರೀಡೆಯಲ್ಲಿ ಎದೆ ನಡುಗಿಸುವ ತಪ್ಪು ಎಂದರೆ ರೆಕ್ಕೆಗೆ ಕೊಂಡಿ ಹಾಕಿಕೊಳ್ಳದೆ ಓಡಿಬಿಡುವುದು. ಹೊಸಬರಷ್ಟೇ ಅಲ್ಲ, ಪಳಗಿದವರೂ ಈ ತಪ್ಪು ಮಾಡಿದ್ದಾರೆ, ಪ್ರಾಣ ಕಳೆದುಕೊಂಡಿದ್ದಾರೆ. ಹಾಗಾಗಿ ಹಾರುವ ಮೊದಲು ಒಬ್ಬರು ಗ್ಲೈಡರ್‌ನ ಮೂಗಿನಿಂದ ಬಾರ್‌ಗೆ ಬಿಗಿದ ತಂತಿ ಹಿಡಿದು ನಿಲ್ಲುತ್ತಾರೆ, ಪೈಲಟ್ ಹಾರ್ನೆಸ್‌ನಲ್ಲಿ ತೂಗಿ ಮಲಗಿ ಪಟ್ಟಿ, ಕೊಂಡಿ, ಕಾಲಿನ ಪಟ್ಟಿ ಎಲ್ಲ ನೋಡಿಕೊಳ್ಳುತ್ತಾರೆ. ತೊಂದರೆ ಇರುವುದು ಅದರ ನಂತರ. ಗಾಳಿ ಸರಿಯಿಲ್ಲವೆಂದು ಕೊಂಡಿ ಬಿಚ್ಚಿ ಕಾಯುತ್ತೀರಿ, ಯಾರೋ ಮಾತಾಡಿಸುತ್ತಾರೆ, ಗಾಳಿ ಸರಿಹೋಗುತ್ತದೆ. ಆಗಲೇ ನೋಡಿದ್ದೇನಲ್ಲ ಎಂಬ ನೆನಪು ಮಾತ್ರ ಉಳಿದಿರುತ್ತದೆ, ಬಿಚ್ಚಿದ್ದು ಮರೆತಿರುತ್ತದೆ. ಅದಕ್ಕೇ ಅಮೆರಿಕದ ಹ್ಯಾಂಗ್ ಗ್ಲೈಡಿಂಗ್ ಸಂಘ ಹೊಸಬರ ದರ್ಜೆ ಕೊಡುವಾಗಲೂ ಓಡುವ ತೀರಾ ಮುಂಚೆ ಇನ್ನೊಮ್ಮೆ ಖಚಿತಪಡಿಸಿಕೊಳ್ಳುವುದನ್ನು ಕೇಳುತ್ತದೆ.

ಹೇಗೆ ಖಚಿತಪಡಿಸಿಕೊಳ್ಳಬೇಕು ಎನ್ನುವಲ್ಲಿ ನಮ್ಮ ಗುಂಪು ಮೂರಾಯಿತು. ಗ್ಲೈಡರನ್ನು ಮೇಲೆತ್ತಿ, ತೊಡೆಯ ಪಟ್ಟಿ ಬಿಗಿಯುವುದು ಮೈಗೆ ತಿಳಿಯಬೇಕು ಎಂದರು ಒಬ್ಬರು. ಕತ್ತು ತಿರುಗಿಸಿ ಕಣ್ಣಾರೆ ನೋಡಿ, ಕೈಯಿಂದ ಮುಟ್ಟಬೇಕು ಎಂದರು ಇನ್ನೊಬ್ಬರು. ಹಾರ್ನೆಸನ್ನು ಮೊದಲೇ ಗ್ಲೈಡರ್‌ಗೆ ಸಿಕ್ಕಿಸಿಟ್ಟು ಆಮೇಲೆ ಅದರೊಳಗೆ ಹೊಕ್ಕರೆ ಮರೆಯುವ ಮಾತೇ ಇಲ್ಲ ಎನ್ನುವ ಆಸ್ಟ್ರೇಲಿಯಾ ರೂಢಿ ಮೂರನೆಯವರದು. ಆರು ವಾರ ವಾದ ನಡೆಯಿತು, ಒಂದು ಸಲ ಊಟದ ಮೇಜಿನಿಂದ ಒಬ್ಬರು ಎದ್ದೇ ಹೋದರು. ಮತ ಹಾಕೋಣ ಎಂದವರಿಗೆ ನಾನು ಒಪ್ಪಲಿಲ್ಲ. ಸೋತವರು ಆ ಪುಟವನ್ನು ಮನಸಿಟ್ಟು ಕಲಿಸುವುದಿಲ್ಲ. ಬದಲಿಗೆ ಪ್ರತಿಯೊಬ್ಬರೂ ತಮ್ಮ ವಿಧಾನ ಎಲ್ಲಿ ಕೈಕೊಡುತ್ತದೆ ಎಂದು ತಾವೇ ಬರೆಯಬೇಕು ಎಂದೆ. ಅಷ್ಟಕ್ಕೆ ಕಾವು ಇಳಿಯಿತು. ಗಾಳಿ ಮಂದವಾಗಿದ್ದರೆ ಸಣ್ಣ ಮೈಯವರಿಗೆ ಪಟ್ಟಿ ಬಿಗಿಯುವಷ್ಟು ಗ್ಲೈಡರ್ ಎತ್ತಲು ಆಗುವುದಿಲ್ಲ, ಎತ್ತಿದರೂ ಕೊಂಡಿಯ ಬಾಯಿ ಮುಚ್ಚಿದೆಯೋ ಇಲ್ಲವೋ ಅದರಿಂದ ತಿಳಿಯದು. ಕತ್ತು ತಿರುಗಿಸುವಾಗ ರೆಕ್ಕೆ ಅಲುಗಾಡುತ್ತದೆ. ಸಿಕ್ಕಿಸಿಟ್ಟ ಹಾರ್ನೆಸ್‌ಗೆ ಹೊಗುವಾಗ ಕಾಲಿನ ಪಟ್ಟಿ ಮರೆತುಹೋಗಬಹುದು. ಜೊತೆಗೆ ನಮ್ಮ ದಿಬ್ಬದಲ್ಲಿ ಪ್ರತಿ ಹಾರಾಟದ ನಂತರ ಗ್ಲೈಡರ್ ಹೊತ್ತು ಮರಳು ಹತ್ತಬೇಕು, ಕೊಂಡಿ ಬಿಚ್ಚಲೇಬೇಕು. ಐದು ಸಲ ಹಾರಿದರೆ ಐದು ಸಲ ಮರೆಯುವ ಅವಕಾಶ.

ಕೊನೆಗೆ ಪುಟ ಹೀಗಾಯಿತು: ತೂಗಿ ನೋಡುವುದು ಪ್ರತಿ ಸಲವೂ ಇದ್ದದ್ದೇ. ಆಮೇಲೆ ಓಡಲು ನಿಂತಾಗ ಗ್ಲೈಡರ್ ಎತ್ತಿ, ತೊಡೆಗೆ ಪಟ್ಟಿ ಬಿಗಿದದ್ದು ತಿಳಿದ ಮೇಲೆ "ಕೊಂಡಿ ಇದೆ" ಎಂದು ಗಟ್ಟಿಯಾಗಿ ಹೇಳಬೇಕು. ಎತ್ತಲು ಆಗದವರಿಗೆ ತಂತಿ ಹಿಡಿದವರು ಕಣ್ಣಿಂದ ನೋಡಿ ಹೇಳಬೇಕು. ಆ ಮಾತು ಕಿವಿಗೆ ಬೀಳದೆ ತಂತಿ ಹಿಡಿದವರು ಕೈ ಬಿಡಬಾರದು. ನಡುವೆ ಕೊಂಡಿ ಬಿಚ್ಚಿದರೆ ಎಲ್ಲವೂ ಮೊದಲಿಂದ. ಮೇಜಿನಿಂದ ಎದ್ದುಹೋದವರೇ ಈ ಕೊನೆಯ ವಾಕ್ಯವನ್ನು ಸೇರಿಸಿದ್ದು.

ಓದಿ ಮಾಡಿ ತೋರಿಸುವ ಪರೀಕ್ಷೆಗೆ ನನ್ನ ಹೆಂಡತಿಯೇ ಮೊದಲು ಓದಿದವಳು. ಗ್ಯಾರೇಜಿನ ತೊಲೆಗೆ ಹಾರ್ನೆಸ್ ತೂಗುಹಾಕಿ, ಎದುರಿಗೆ ಹಗ್ಗದಲ್ಲಿ ಒಂದು ಬಿದಿರು ಕೋಲನ್ನು ಅಡ್ಡಲಾಗಿ ಕಟ್ಟಿದೆ. ಪುಟದಲ್ಲಿ "ಎಡಕ್ಕೆ ತಿರುಗಬೇಕಾದರೆ ಮೈಯನ್ನು ಎಡಕ್ಕೆ ಒಯ್ಯಿರಿ" ಎಂದಿತ್ತು. ಅವಳು ಓದಿ ಹೆಗಲನ್ನು ಎಡಕ್ಕೆ ತಿರುಗಿಸಿದಳು. ಕಾಲುಗಳು ತೂಗಿ ಬಲಕ್ಕೆ ಹೋದವು. ಎರಡೂ ಒಂದನ್ನೊಂದು ಕಳೆದು ಭಾರ ನಡುವಿನಲ್ಲೇ ಉಳಿಯಿತು. ದಿಬ್ಬದ ಮೇಲೆ ಹೊಸಬರೆಲ್ಲ ಮಾಡುವ ತಪ್ಪು ಇದೇ. ಗ್ಲೈಡರ್ ತಿರುಗುತ್ತಿಲ್ಲ ಎಂದು ಅವರು ಇನ್ನಷ್ಟು ಹೆಗಲು ತಿರುಚುತ್ತಾರೆ. "ಏನೂ ಆಗ್ಲಿಲ್ವಲ್ರೀ" ಎಂದಳು ನೇತಾಡುತ್ತಲೇ. ಸೊಂಟ ಸರಿಸು ಎಂದೆ. ಮೈ ಪೂರ್ತಿ ಎಡಕ್ಕೆ ಹೋಯಿತು. ಈಗ ಆ ಪುಟದಲ್ಲಿ ಮೈ ಎಂಬ ಮಾತೇ ಇಲ್ಲ: "ಸೊಂಟ ಮೊದಲು ಹೋಗಲಿ, ಹೆಗಲು ನೇರ ಇರಲಿ."

ರಾಲಿಯ ಪಕ್ಕದ ಕ್ಯಾರಿಯಲ್ಲಿರುವ ಮೈಸೂರಿನ ದಂಪತಿಗಳಿಗಾಗಿ ನಾಲ್ಕು ಪುಟಗಳನ್ನು ಕನ್ನಡದಲ್ಲಿ ಬರೆಯತೊಡಗಿದಾಗ ಇಂಗ್ಲಿಷ್ ಪುಟಗಳ ಪೊಳ್ಳು ಇನ್ನಷ್ಟು ಬಯಲಾಯಿತು. ಸ್ಟಾಲ್ ಎಂದು ಬರೆದು ಮುಂದೆ ಹೋಗಿದ್ದೆವು. ಕನ್ನಡದಲ್ಲಿ ಅದಕ್ಕೆ ಸಿದ್ಧ ಪದ ನನಗೆ ಸಿಗಲಿಲ್ಲ. "ಮೂಗು ಅತಿಯಾಗಿ ಎದ್ದಾಗ ರೆಕ್ಕೆಯ ಮೇಲಿನ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದನ್ನು ಬಿಡುತ್ತದೆ, ಎತ್ತುವ ಬಲ ಕುಸಿಯುತ್ತದೆ" ಎಂದು ಬಿಡಿಸಿ ಬರೆದೆ. ಅದನ್ನೇ ಮರಳಿ ಇಂಗ್ಲಿಷ್ ಪುಟಕ್ಕೂ ಹಾಕಿದೆವು. ಪದ ಗೊತ್ತಿದ್ದ ಹೊಸಬರಲ್ಲಿ ಅರ್ಧಕ್ಕರ್ಧ ಜನ ಅದು ಕಾರಿನ ಎಂಜಿನ್ ಆಫ್ ಆದ ಹಾಗೆ ಎಂದುಕೊಂಡಿದ್ದರು.

ಇಳಿಯುವ ಪುಟ ಇನ್ನೂ ಮುಗಿದಿಲ್ಲ. ನೆಲ ಹತ್ತಿರ ಬಂದು ವೇಗ ಸವೆದಾಗ ಬಾರನ್ನು ಒಂದೇ ಸಲಕ್ಕೆ ಪೂರ್ತಿ ಮೇಲೆ ತಳ್ಳಿ ರೆಕ್ಕೆಯನ್ನು ನಿಲ್ಲಿಸಿ ಕಾಲೂರಬೇಕು. ಬೇಗ ತಳ್ಳಿದರೆ ಮೇಲೇರಿ ಬೀಳುತ್ತೀರಿ, ತಡವಾದರೆ ಮುಗ್ಗರಿಸುತ್ತೀರಿ. ಆ ಕ್ಷಣ ಯಾವುದು? ಬಾರ್ ಕೈಗೆ ಹಗುರಾಗುತ್ತದೆ ಎನ್ನುತ್ತಾರೆ ಒಬ್ಬರು, ಗಾಳಿಯ ಸದ್ದು ಇಳಿಯುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಎರಡನ್ನೂ ಬರೆದು ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ. ಓದಿದವರು ತಮ್ಮ ಗುರುತನ್ನು ಅಲ್ಲಿ ಬರೆಯುತ್ತಾರೆ.

11ನೇ ಪುಟವನ್ನು ಆ ನರ್ಸ್ ಮಣಿಕಟ್ಟು ವಾಸಿಯಾದ ಮೇಲೆ ತಾವೇ ಬರೆದರು. ಒಂದು ಇಡೀ ಬೆಳಿಗ್ಗೆ ಓಡದೆ, ಬರೀ ಗ್ಲೈಡರ್ ಹೆಗಲಿಗೆ ಹೊತ್ತು ಗಾಳಿಗೆ ಮುಖ ಮಾಡಿ ನಿಂತು, ಮೂಗನ್ನು ಇಳಿಸಿ ಏರಿಸಿ ನೋಡಿದರು. ಪಕ್ಕದಲ್ಲಿ ಮೂಗಿನ ತಂತಿ ಹಿಡಿದು ನಾನಿದ್ದೆ. ಬಟ್ಟೆ ಪಟಪಟ ಬಡಿಯುವುದು ನಿಂತು, ರೆಕ್ಕೆ ತನ್ನ ಭಾರವನ್ನು ತಾನೇ ಹೊತ್ತುಕೊಂಡು ಅವರ ಹೆಗಲಿನಿಂದ ಒಂದು ಬೆರಳಿನಷ್ಟು ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ಸಂಜೆ ಅವರು ಕಳಿಸಿದ ಸಾಲುಗಳನ್ನು ನಾನು ಒಂದಕ್ಷರವೂ ತಿದ್ದಲಿಲ್ಲ: "ಬಟ್ಟೆ ಪಟಪಟ ಅನ್ನುತ್ತಿದ್ದರೆ ಮೂಗು ತೀರಾ ಕೆಳಗಿದೆ. ಗ್ಲೈಡರ್ ನಿಮ್ಮನ್ನು ಹಿಂದಕ್ಕೆ ಜಗ್ಗುತ್ತಿದ್ದರೆ ತೀರಾ ಮೇಲಿದೆ. ಎರಡೂ ನಿಂತು ಹೆಗಲು ಹಗುರಾದ ಜಾಗದಲ್ಲಿ ಮೂಗನ್ನು ಇಟ್ಟುಕೊಂಡು ನಡೆಯಿರಿ, ಆಮೇಲೆ ಓಡಿ."