ಎಡಪುಟ, ಬಲಪುಟ

2019ರ ಆಗಸ್ಟ್‌ನಲ್ಲಿ ನಮ್ಮ ಚರ್ಚಿನ ಸಭೆಯ ಸ್ತ್ರೀ ಸಮಾಜದ ಕೂಟದಲ್ಲಿ ಸಾಕ್ಷಿ, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ್ದನ್ನು, ಹೇಳುವ ಸರದಿ ನನಗೆ ಬಂತು. ಪ್ರತಿಸಲ ಹೇಳುವ ಕಥೆಯೊಂದು ನನ್ನಲ್ಲಿ ತಯಾರಾಗಿತ್ತು. ಮದುವೆಯಾದ ಹೊಸದರಲ್ಲಿ ಮುಳಬಾಗಿಲಿನಿಂದ ಕೋಲಾರಕ್ಕೆ ಬರಬೇಕಿದ್ದ ಬಸ್ಸು ಕಣ್ಣೆದುರೇ ಹೊರಟುಹೋಯಿತು. ನಿಲ್ದಾಣದಲ್ಲಿ ನಿಂತು ಅತ್ತಿದ್ದೆ. ಸಂಜೆಗೆ ತಿಳಿಯಿತು, ಆ ಬಸ್ಸು ದಾರಿಯಲ್ಲಿ ಪಲ್ಟಿ ಹೊಡೆದಿತ್ತು. "ಕರ್ತನೇ ನನ್ನ ಕೈಹಿಡಿದು ನಿಲ್ಲಿಸಿದ" ಎಂದೆ. ಎಲ್ಲರೂ "ಸ್ತೋತ್ರ" ಅಂದರು. ಕೂಟ ಮುಗಿದು ಚಾಪೆ ಮಡಚುವಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ ಹತ್ತಿರ ಬಂದು, "ಆ ಬಸ್ಸಲ್ಲಿ ನಮ್ಮ ಚಿಕ್ಕಪ್ಪ ಇದ್ರು, ಟೀಚರ್" ಎಂದರು. ಅದರಲ್ಲಿ ಕೋಪವಿರಲಿಲ್ಲ. ಸುಮ್ಮನೆ ತಿಳಿಸಿದ ಹಾಗಿತ್ತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನನ್ನು ತಡೆದ ಕೈಯೇ ಅವರ ಚಿಕ್ಕಪ್ಪನನ್ನು ಹತ್ತಿಸಿತೇ? 25 ವರ್ಷ ಹೇಳಿಕೊಂಡು ಬಂದ ಸಾಕ್ಷಿ ಒಂದು ಮಾತಿಗೆ ಮುರಿದುಬಿತ್ತು. ದೇವರು ನನ್ನ ಬಾಳಿನಲ್ಲಿದ್ದಾನೆ ಎಂಬ ನಂಬಿಕೆಯೇನೂ ಹೋಗಲಿಲ್ಲ. ಆದರೆ ಎಲ್ಲಿ, ತೋರಿಸು ಎಂದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಪ್ರಾಥಮಿಕ ಶಾಲೆಯ ಟೀಚರು. ಏನೇ ತೋಚದಿದ್ದರೂ ಬರೆಯಲು ಕೂರುವುದು ನಮ್ಮ ವೃತ್ತಿಯ ಚಟ. 200 ಪುಟದ ಒಂದು ನೋಟ್‌ಬುಕ್ ತಂದೆ. ಭಾನುವಾರ ಆರಾಧನೆ ಮುಗಿಸಿ ಬಂದು, ಊಟವಾದ ಮೇಲೆ ಒಂದು ಗಂಟೆ. ಎಡಪುಟದಲ್ಲಿ ನಡೆದದ್ದು ಮಾತ್ರ: ಯಾವ ವರ್ಷ, ಯಾವ ಮನೆ, ಯಾರು ಯಾರು ಇದ್ದರು, ಏನು ತಿಂದೆವು. ಅಲ್ಲಿ ದೇವರ ಹೆಸರು ಬರೆಯಕೂಡದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಬಲಪುಟ ಖಾಲಿ. ಇದು ಕೇಳಿದಷ್ಟು ಸುಲಭವಲ್ಲ. ಮೊದಲ ತಿಂಗಳು ಕೈ ತಾನಾಗಿಯೇ "ದೇವರ ಕೃಪೆಯಿಂದ" ಎಂದು ಗೀಚುತ್ತಿತ್ತು, ಹೊಡೆದುಹಾಕುತ್ತಿದ್ದೆ. ಹಾಗೆ ಹೊಡೆದುಹಾಕಿದ ಕಡೆಯೆಲ್ಲ ನನಗೆ ನಿಜವಾಗಿ ಏನಾಯಿತೆಂದು ನೆನಪೇ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ನೆನಪಿಗೆ ಆಸರೆ ಬೇಕಲ್ಲ. ಹಳೇ ರೇಷನ್ ಕಾರ್ಡು, ಶಾಲೆಯ ಟಿ.ಸಿ., ಅಪ್ಪನ ಪಿ.ಎಫ್. ಚೀಟಿಗಳು, ಮದುವೆ ಆಲ್ಬಮ್ಮು ಎಲ್ಲ ಹೊರಗೆ ಬಂದವು. ಎಲ್ಲಕ್ಕಿಂತ ದೊಡ್ಡ ಆಸರೆ ಅಮ್ಮ. ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್‌ನಲ್ಲಿ, ಚಾಂಪಿಯನ್ ರೀಫ್ಸ್ ಕಡೆಯ ಒಂದು ಲೈನ್ ಮನೆಯಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದವರು. ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದ ಪುಡಿ ಸುರಿದಿದ್ದ ಸೈನೈಡ್ ದಿಬ್ಬದ ಬಿಳಿ ಧೂಳು ಅನ್ನದ ತಟ್ಟೆಗೂ ಬರುತ್ತಿತ್ತು. 1979ರಲ್ಲಿ ನನಗೆ ಟೈಫಾಯಿಡ್ ಆಯಿತು. ಪಾಸ್ಟರ್ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು, ನಾನು ಎದ್ದು ಗಂಜಿ ಕೇಳಿದ್ದು, ಅಷ್ಟೇ ಎಡಪುಟದಲ್ಲಿತ್ತು. ಅಮ್ಮನಿಗೆ ಓದಿ ಹೇಳಿದೆ.

"ಮತ್ತೆ ನೀರು?" ಅಂದರು ಅಮ್ಮ.

"ಯಾವ ನೀರು?"

"ನಿನ್ನ ಬಿಟ್ಟು ನಾನು ಎಲ್ಲಿ ಏಳ್ತಿದ್ದೆ? ಬೀದಿ ನಲ್ಲೀಲಿ ನೀರು ಬರ್ತಿದ್ದದ್ದು ಬೆಳಗಿನ ಜಾವ. ಎದುರು ಲೈನಿನ ತಮಿಳಮ್ಮ ಅವಳ ಬಿಂದಿಗೆ ಜೊತೆ ನಮ್ಮದೂ ಹಿಡಿದು ಬಾಗಿಲಲ್ಲಿ ಇಟ್ಟು ಹೋಗೋಳು. ಇಪ್ಪತ್ತೊಂದು ದಿನ. ನಮ್ಮ ಮಾತು ಅವಳಿಗೆ ಬರ್ತಿರಲಿಲ್ಲ, ಅವಳ ಮಾತು ನನಗೆ ಬರ್ತಿರಲಿಲ್ಲ."

ನಲವತ್ತು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮೆಥೋಡಿಸ್ಟ್ ಸಭೆಗಳಲ್ಲಿ ಭಾನುವಾರ ಶಾಲೆಯ ಮಕ್ಕಳಿಗೂ ಹೇಳುವ ಕಥೆಯೊಂದು ಆಗ ನೆನಪಾಯಿತು. 1709ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಲ್ಲಿ ನಮ್ಮ ಮೆಥೋಡಿಸ್ಟ್ ಪಂಥಕ್ಕೆ ಮೂಲಪುರುಷರಾದ ಜಾನ್ ವೆಸ್ಲಿಯ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಹುಡುಗ ಮಹಡಿಯ ಕಿಟಕಿಯಲ್ಲಿ ಸಿಕ್ಕಿಕೊಂಡಿದ್ದ. ಏಣಿ ತರಲು ಹೊತ್ತಿರಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಅವನನ್ನು ಇಳಿಸಿಕೊಂಡ. ಬೆಂಕಿಯಿಂದ ಎಳೆದ ಕೊಳ್ಳಿ ನಾನು ಎಂದು ವೆಸ್ಲಿ ಆಮೇಲೆ ಬಾಳೆಲ್ಲ ಅಂದುಕೊಂಡರು. ನಾವೆಲ್ಲ ಆ ಕಿಟಕಿಯನ್ನೇ ನೋಡುತ್ತೇವೆ, ಕೆಳಗೆ ಹೆಗಲು ಕೊಟ್ಟು ನಿಂತವನನ್ನು ಯಾರೂ ಕೇಳುವುದಿಲ್ಲ. ಆ ಸಂಜೆ ನೋಟ್‌ಬುಕ್ಕಿನ ಮೊದಲ ಬಲಪುಟ ತುಂಬಿತು: "ಇಲ್ಲಿದ್ದೆ ನೀನು. ಬಿಂದಿಗೆ ಇಟ್ಟು ಹೋದೆ."

ಅಲ್ಲಿಂದ ಹುಡುಕುವ ಬಗೆಯೇ ಬದಲಾಯಿತು. ಎಲ್ಲಿ ಪಾರಾದೆ ಎಂದು ಹುಡುಕುವುದನ್ನು ಬಿಟ್ಟೆ. ಕೆಳಗೆ ಯಾರ ಹೆಗಲಿತ್ತು ಎಂದು ಹುಡುಕತೊಡಗಿದೆ. ಟಿ.ಸಿ.ಎಚ್. ಶಿಕ್ಷಕ ತರಬೇತಿಗೆ ಅರ್ಜಿ ತುಂಬಿಕೊಟ್ಟ ಗುಮಾಸ್ತರು. ಹೆರಿಗೆಯ ರಾತ್ರಿ ಡ್ಯೂಟಿ ಮುಗಿದರೂ ಹೋಗದೆ ಕೂತಿದ್ದ ನರ್ಸಮ್ಮ. ಸಂಬಳ ತಡವಾದ ತಿಂಗಳುಗಳಲ್ಲಿ ಕೇಳದೆಯೇ ರಾಗಿ ಹಿಟ್ಟು ಕಳಿಸುತ್ತಿದ್ದ ವಾರಗಿತ್ತಿ. ಬಸ್ಸಿನ ಕಥೆಯ ಎದುರಿನ ಬಲಪುಟದಲ್ಲಿ ಬರೆದದ್ದು ಬಸ್ಸಿನ ಮಾತಲ್ಲ: ನಿಲ್ದಾಣದಲ್ಲಿ ಅಳುತ್ತಿದ್ದವಳಿಗೆ "ಮುಂದಿನದು ಬರ್ತದೆ ಕೂತ್ಕೋ ಮಗಾ" ಎಂದು ಗೋಣಿಚೀಲ ಸರಿಸಿ ಜಾಗ ಕೊಟ್ಟ ಕಡಲೇಕಾಯಿ ಅಜ್ಜಿ.

ನಾನೇ ಇನ್ನೊಬ್ಬರ ಹೆಗಲು ತುಳಿದ ಪುಟಗಳೂ ಬಂದವು. ಅತ್ತೆಯ ಕೊನೆಯ ಎರಡು ವರ್ಷ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಶಾಲೆಯಲ್ಲಿ ನನ್ನ ಜೊತೆಯ ಕ್ಯಾಥೊಲಿಕ್ ಟೀಚರೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟರು. ಯೇಸು ಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡೇಟಿನಿಂದ ಕಾಲು ಮುರಿದು ಹಾಸಿಗೆ ಹಿಡಿದಾಗ, ಓದಲು ಶೂರರ ಕಥೆಗಳನ್ನು ತಂದುಕೊಡಿ ಎಂದರಂತೆ. ಅವು ಮನೆಯಲ್ಲಿರಲಿಲ್ಲ, ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ. ಶೂರನಾಗುವ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಒಣಗಿದ ಬಾಯಿ. ಸಂತರ ಹಾದಿಯ ಕನಸು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸುವುದರಿಂದಲೇ ಮನಸ್ಸನ್ನು ಪರೀಕ್ಷಿಸಿಕೊಳ್ಳುವ ಅವರ ಪದ್ಧತಿ ಶುರುವಾದದ್ದು. ನಾನೂ ಹಾಗೇ ಮಾಡಿದೆ: ಬಲಪುಟದಲ್ಲಿ ಬರೆದದ್ದನ್ನು ಒಂದು ವಾರ ಬಿಟ್ಟು ಓದುವುದು. ಓದಿದ ಮೇಲೆ ಎದೆ ಉಬ್ಬಿದರೆ, ನಾನೇನೋ ವಿಶೇಷ ಎನ್ನಿಸಿದರೆ, ಹರಿದುಹಾಕುವುದು. ಯಾರನ್ನಾದರೂ ಹೋಗಿ ನೋಡಿ ಬರಬೇಕು ಎನ್ನಿಸಿದರೆ ಇಟ್ಟುಕೊಳ್ಳುವುದು. ಹರಿದದ್ದೇ ಹೆಚ್ಚು.

ಒಂದು ಬಲಪುಟ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ನನ್ನ ತಮ್ಮ ಗಣಿಯ ವರ್ಕ್‌ಶಾಪಿನಲ್ಲಿದ್ದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿನ ಸಾವಿರಾರು ಜನರ ಹಾಗೆ ಅವನೂ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತತೊಡಗಿದ. 2004ರಲ್ಲಿ ಕಾಯಿಲೆ ಬಿದ್ದು ತೀರಿಕೊಂಡ, 32 ವರ್ಷ. ಮಣ್ಣಿಗೆ ಬಂದವರು "ದೇವರ ಚಿತ್ತ, ಯೋಸೇಫನ ಕಥೆ ನೆನಪಿಸಿಕೋ, ಎಲ್ಲ ಒಳ್ಳೇದಕ್ಕೇ" ಎಂದರು. ನೋಟ್‌ಬುಕ್ ಮುಂದಿಟ್ಟುಕೊಂಡು ಬೈಬಲಿನ ಆ ಕಥೆಯನ್ನು ಈ ಸಲ ಲೆಕ್ಕ ಹಾಕಿಕೊಂಡು ಓದಿದೆ. 17ರಲ್ಲಿ ಅಣ್ಣಂದಿರು ಅವನನ್ನು ಗುಂಡಿಗೆ ತಳ್ಳಿ ಮಾರಿದರು. ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ 30. ಆಮೇಲೆ ಸುಭಿಕ್ಷದ 7 ವರ್ಷ, ಬರದ 2 ವರ್ಷ. ದೇವರೇ ನನ್ನನ್ನು ಮುಂದಾಗಿ ಕಳಿಸಿದ ಎಂದು ಅವನು, ಬರದಲ್ಲಿ ಧಾನ್ಯಕ್ಕಾಗಿ ಬಂದ ಅಣ್ಣಂದಿರಿಗೆ ಹೇಳಿದ್ದು 22 ವರ್ಷದ ಮೇಲೆ, ಗಟ್ಟಿಯಾಗಿ ಅತ್ತು. ಹೇಳಿದವನೂ ಅವನೇ. ಗುಂಡಿಯ ಬಾಯಲ್ಲಿ ನಿಂತು ಯಾರೂ ಅವನಿಗೆ ಅದನ್ನು ಹೇಳಿಕೊಡಲಿಲ್ಲ. ಅಂದಮೇಲೆ ನನ್ನ ಬಲಪುಟವನ್ನು ಮಣ್ಣಿಗೆ ಬಂದವರು ಯಾಕೆ ತುಂಬಬೇಕು? ಖಾಲಿ ಇರಲಿ ಎಂದು ಬಿಟ್ಟೆ. ತಮ್ಮನ ಹೆಂಡತಿ, ನನ್ನ ನಾದಿನಿಗೂ ನಾನು ಆ ಮಾತು ಹೇಳಿದ್ದೆನೇನೋ ಎಂಬ ಅನುಮಾನ ಈಗಲೂ ಚುಚ್ಚುತ್ತದೆ.

2020ರ ಜನವರಿಯಲ್ಲಿ, ಜಾಗ ನೋಡಿದರೆ ಏನಾದರೂ ನೆನಪಾದೀತು ಎಂದು, ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆ. ಎದುರು ಲೈನಿನ ತಮಿಳಮ್ಮನ ಮನೆ ಹುಡುಕಿದೆ. ಅವರ ಕಡೆಯವರು ಯಾರೂ ಉಳಿದಿಲ್ಲ. ವಾಪಸ್ ಬರುವಾಗ ಪ್ಲಾಟ್‌ಫಾರಂನ ಬೆಂಚಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ನನ್ನ ಮುಖವನ್ನೇ ನೋಡಿ, "ನೀವು ಅವನ ಅಕ್ಕ ಅಲ್ವಾ? ಅದೇ ಮೂಗು" ಎಂದರು. ತಮ್ಮನ ಜೊತೆ ಒಂದೇ ಬೋಗಿಯಲ್ಲಿ ಇಸ್ಪೀಟಾಡುತ್ತಾ ಹೋಗುತ್ತಿದ್ದವರು. ಮಾತು ಮಾತಲ್ಲಿ ತಿಳಿಯಿತು: ಅವನು ಹೋದ ಮೇಲೆ ಆ ಬೋಗಿಯವರು ತಲೆಗೆ ಹತ್ತು ರೂಪಾಯಿಯಂತೆ ತಿಂಗಳು ತಿಂಗಳು ಎತ್ತಿ ನಾದಿನಿಗೆ ಮುಟ್ಟಿಸುತ್ತಿದ್ದರಂತೆ. ಅವಳಿಗೆ ಕೆಲಸ ಸಿಗುವವರೆಗೆ, ಹೆಚ್ಚುಕಮ್ಮಿ ಒಂದೂವರೆ ವರ್ಷ.

ಮನೆಗೆ ಬಂದು ನಾದಿನಿಗೆ ಫೋನ್ ಮಾಡಿದೆ. "ಹೂಂ ಅತ್ತಿಗೆ, ನಿಮಗೆ ಗೊತ್ತಿರಲಿಲ್ವಾ?" ಅಂದಳು.

ನೋಟ್‌ಬುಕ್ ತೆಗೆದು ಆ ಪುಟ ತೆರೆದೆ. ಬಲಗಡೆ ಬರೆಯಲು ಕೈ ಬರಲಿಲ್ಲ. ಎಡಪುಟದ ಕೆಳಗೆ ಎರಡು ಸಾಲಿನ ಜಾಗ ಉಳಿದಿತ್ತು. ಅಲ್ಲಿ ಬರೆದೆ: ತಲೆಗೆ ಹತ್ತು ರೂಪಾಯಿ, ಹದಿನೆಂಟು ತಿಂಗಳು.